ವಿಟಿಯು ಎಲೆಕ್ಟ್ರಿಕಲ್ ಪರೀಕ್ಷೆ: ಯಾವ ಪತ್ರಿಕೆಗೆ ಯಾವ ಬಗೆಯ ಓದು?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಯ ಮೇಜಿನ ಮೇಲೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಲವು ಬಗೆಯ ಸಾಮಗ್ರಿ ಸೇರಿರುತ್ತದೆ. ಗ್ರಂಥಾಲಯದಿಂದ ತಂದ ದಪ್ಪ ಪಠ್ಯಪುಸ್ತಕ, ವಿಟಿಯು ಸಿಲಬಸ್ಸಿಗೆಂದೇ ಬರೆದ ತೆಳುವಾದ ಪುಸ್ತಕ, ತರಗತಿಯ ನೋಟ್ಸಿನ ಜೆರಾಕ್ಸ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಪಿಡಿಎಫ್, ಎನ್‌ಪಿಟಿಇಎಲ್ ಹಾಗೂ ಯೂಟ್ಯೂಬ್ ಪಾಠಗಳು, ಸೀನಿಯರ್‌ಗಳಿಂದ ಕೈಬದಲಾಗುತ್ತ ಬಂದ ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಪಟ್ಟಿ ಎಲ್ಲವೂ ಅಲ್ಲಿರುತ್ತವೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವವರು ಬಹಳ ಮಂದಿ ಇದ್ದಾರೆ, ಆದರೆ ಆ ಉತ್ತರ ಒಂದು ಪತ್ರಿಕೆಗೆ ಸರಿಹೋದರೆ ಮರುದಿನದ ಪತ್ರಿಕೆಗೆ ಕೈಕೊಡುತ್ತದೆ.

ಕಾರಣ ಸರಳವಾಗಿದೆ. ಎಲೆಕ್ಟ್ರಿಕಲ್ ವಿಭಾಗದ ಪತ್ರಿಕೆಗಳು ವಿದ್ಯಾರ್ಥಿಯಿಂದ ಒಂದೇ ಬಗೆಯ ಕೆಲಸವನ್ನು ಬೇಡುವುದಿಲ್ಲ. ಸರ್ಕ್ಯೂಟ್ ಅನಾಲಿಸಿಸ್ ಮತ್ತು ಪವರ್ ಸಿಸ್ಟಮ್ ಅನಾಲಿಸಿಸ್ ಲೆಕ್ಕ ಮಾಡಿಸುತ್ತವೆ, ಕಂಟ್ರೋಲ್ ಸಿಸ್ಟಮ್ಸ್ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಸುತ್ತದೆ, ಫೀಲ್ಡ್ ಥಿಯರಿ ಡಿರೈವೇಶನ್ (ಸೂತ್ರವನ್ನು ಹಂತಹಂತವಾಗಿ ಸಾಧಿಸುವುದು) ಕೇಳುತ್ತದೆ, ಸ್ವಿಚ್‌ಗೇರ್ ಮತ್ತು ಹೈ ವೋಲ್ಟೇಜ್ ಎಂಜಿನಿಯರಿಂಗ್ ಬಹುಮಟ್ಟಿಗೆ ಚಿತ್ರ ಸಹಿತ ವಿವರಣೆಯನ್ನು ಬಯಸುತ್ತವೆ. ಆದ್ದರಿಂದ ಪತ್ರಿಕೆ ಏನನ್ನು ಮಾಡಿಸುತ್ತದೆ ಎಂಬುದನ್ನು ಮೊದಲು ನೋಡಿ, ಸಾಮಗ್ರಿಯನ್ನು ಆಮೇಲೆ ಆರಿಸಿಕೊಳ್ಳುವುದು ಸರಿಯಾದ ಕ್ರಮ ಎಂಬುದು ಈ ಹೋಲಿಕೆಯ ಹಿಂದಿರುವ ನಿಲುವು.

ಅಂಕಗಳ ಲೆಕ್ಕ ಏನು ಹೇಳುತ್ತದೆ

2022ರ ಸ್ಕೀಮ್‌ನ ಸಾಮಾನ್ಯ ಪತ್ರಿಕೆಯಲ್ಲಿ ಐದು ಮಾಡ್ಯೂಲ್‌ಗಳಿಂದ ತಲಾ ಎರಡರಂತೆ ಹತ್ತು ಪೂರ್ಣ ಪ್ರಶ್ನೆಗಳಿರುತ್ತವೆ. ಪ್ರತಿ ಮಾಡ್ಯೂಲ್‌ನಿಂದ ಒಂದನ್ನು ಆರಿಸಿ ಮೂರು ಗಂಟೆಗಳಲ್ಲಿ ಐದು ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರಶ್ನೆಯೊಂದಕ್ಕೆ 20ರಂತೆ ಒಟ್ಟು 100 ಅಂಕ, ಅದನ್ನು 50ಕ್ಕೆ ಇಳಿಸಲಾಗುತ್ತದೆ. ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ, ಉಳಿದ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಅಂತಿಮ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 18 (ಪತ್ರಿಕೆಯ 100ಕ್ಕೆ 35ರಷ್ಟು), ಎರಡೂ ಸೇರಿ 100ಕ್ಕೆ ಕನಿಷ್ಠ 40 ಬರಬೇಕು. ಇಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸಂಗತಿಯಿದೆ: ಇಂಟರ್ನಲ್ಸ್‌ನಲ್ಲಿ 20 ಮತ್ತು ಪರೀಕ್ಷೆಯಲ್ಲಿ 18 ಬಂದರೆ ಎರಡು ಗಡಿಗಳನ್ನೂ ಬಿಡಿಬಿಡಿಯಾಗಿ ದಾಟಿದಂತಾದರೂ ಮೊತ್ತ 38 ಆಗುವುದರಿಂದ ಪಾಸಾಗುವುದಿಲ್ಲ. ಇಂಟರ್ನಲ್ಸ್ ಅಂಚಿನಲ್ಲಿ ನಿಂತಿರುವ ವಿದ್ಯಾರ್ಥಿ ಅಂತಿಮ ಪತ್ರಿಕೆಯಲ್ಲಿ 35ಕ್ಕಲ್ಲ, 40ಕ್ಕೆ ಗುರಿಯಿಡಬೇಕು.

ಈ ವಿನ್ಯಾಸದಲ್ಲಿ ಆಯ್ಕೆಯಿರುವುದು ಮಾಡ್ಯೂಲ್‌ನ ಒಳಗೆ ಮಾತ್ರ. ಒಂದು ಮಾಡ್ಯೂಲನ್ನು ಕೈಬಿಟ್ಟರೆ 20 ಅಂಕ ಹೋದಂತೆಯೇ ಲೆಕ್ಕ, ಅದನ್ನು ಬೇರೆ ಮಾಡ್ಯೂಲ್‌ನ ಹೆಚ್ಚುವರಿ ಉತ್ತರದಿಂದ ತುಂಬಿಕೊಳ್ಳಲಾಗದು. ಹತ್ತು ಹದಿನೈದು ವರ್ಷಗಳ ಹಿಂದೆ ಓದಿದ ಅಣ್ಣಂದಿರು, ಅಕ್ಕಂದಿರು ‘ಎರಡು ಯುನಿಟ್ ಬಿಟ್ಟರೂ ನಡೆಯುತ್ತದೆ’ ಎಂದು ಹೇಳುವುದುಂಟು. ಅವರ ಮಾತು ಅವರ ಕಾಲಕ್ಕೆ ನಿಜವಾಗಿತ್ತು. 2010ರ ಸ್ಕೀಮ್‌ನಲ್ಲಿ ಎಂಟು ಪ್ರಶ್ನೆಗಳ ಪತ್ರಿಕೆ ಎರಡು ಭಾಗಗಳಲ್ಲಿರುತ್ತಿತ್ತು, ಪ್ರತಿ ಭಾಗದಿಂದ ಕನಿಷ್ಠ ಎರಡನ್ನು ಸೇರಿಸಿ ಯಾವುದಾದರೂ ಐದಕ್ಕೆ ಉತ್ತರಿಸಿದರೆ ಸಾಕಿತ್ತು. ಈಗಿನ ಪತ್ರಿಕೆಗೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಸಮಯ ಕಡಿಮೆಯಿರುವವರು ಏನು ಮಾಡಬೇಕು? ಎರಡೇ ಮಾಡ್ಯೂಲ್‌ಗಳನ್ನು ಆಳವಾಗಿ ಓದಿದವರು 35 ಅಂಕ ಪಡೆಯಲು 40ರಲ್ಲಿ 35 ತೆಗೆಯಬೇಕು, ಅಂದರೆ ಒಂದು ಉಪಪ್ರಶ್ನೆ ಕೂಡ ತಪ್ಪುವಂತಿಲ್ಲ. ಮೂರು ಮಾಡ್ಯೂಲ್ ಓದಿದವರಿಗೆ 60ರಲ್ಲಿ 35 ಸಾಕು. ಐದನ್ನೂ ಸಾಧಾರಣವಾಗಿ ಓದಿದವರಿಗೆ ಪ್ರತಿ ಮಾಡ್ಯೂಲ್‌ನಿಂದ 7 ಅಂಕ ಬಂದರೂ ಆಗುತ್ತದೆ. ಕಾಗದದ ಮೇಲೆ ಕೊನೆಯದೇ ಸುಲಭವಾಗಿ ಕಂಡರೂ, ಲೆಕ್ಕದ ಪತ್ರಿಕೆಗಳಲ್ಲಿ ಅರೆಬರೆ ತಿಳಿವಳಿಕೆಗೆ 7 ಅಂಕ ಬರುವುದು ಖಚಿತವಲ್ಲ, ವಿವರಣೆಯ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಬರುತ್ತದೆ. ನನ್ನ ಸಲಹೆಯೂ ಅದೇ ಪ್ರಕಾರ ಬೇರೆಯಾಗುತ್ತದೆ: ಪವರ್ ಸಿಸ್ಟಮ್‌ನಂಥ ಪತ್ರಿಕೆಗೆ ಮೂರು ಮಾಡ್ಯೂಲ್ ಗಟ್ಟಿಯಾಗಿ ಓದಿ ಉಳಿದೆರಡರ ಡಿರೈವೇಶನ್‌ಗಳನ್ನಷ್ಟೇ ನೋಡಿಕೊಳ್ಳಿ, ಸ್ವಿಚ್‌ಗೇರ್‌ನಂಥ ಪತ್ರಿಕೆಗೆ ಐದನ್ನೂ ತೆಳುವಾಗಿಯಾದರೂ ಮುಗಿಸಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸ್ವಾಯತ್ತ ಕಾಲೇಜುಗಳು ತಮ್ಮದೇ ಪ್ರಶ್ನೆಪತ್ರಿಕೆಯನ್ನು ರೂಪಿಸುತ್ತವೆ. ಅಲ್ಲಿ ಓದುವವರು ವಿಶ್ವವಿದ್ಯಾಲಯದ ಹಳೆಯ ಪತ್ರಿಕೆಗಳನ್ನು ಅಭ್ಯಾಸಕ್ಕೆ ಬಳಸಬಹುದೇ ಹೊರತು, ಪ್ರಶ್ನೆಗಳ ಮಾದರಿಗೆ ತಮ್ಮ ಕಾಲೇಜಿನ ಹಿಂದಿನ ಪತ್ರಿಕೆಗಳನ್ನೇ ನೆಚ್ಚಬೇಕು.

ಲೆಕ್ಕದ ಪತ್ರಿಕೆಗಳು: ಪಠ್ಯಪುಸ್ತಕ, ಬಿಡಿಸಿದ ಉತ್ತರ, ಖಾಲಿ ಪ್ರಶ್ನೆಪತ್ರಿಕೆ

ಸರ್ಕ್ಯೂಟ್ ಅನಾಲಿಸಿಸ್, ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರ್‌ಗಳು, ಪವರ್ ಸಿಸ್ಟಮ್ ಅನಾಲಿಸಿಸ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಈ ಗುಂಪಿಗೆ ಸೇರುತ್ತವೆ. ಇವುಗಳಿಗೆ ವಿದ್ಯಾರ್ಥಿಗಳು ಹೆಚ್ಚಾಗಿ ಹಿಡಿಯುವ ದಾರಿ, ಹಳೆಯ ಪ್ರಶ್ನೆಪತ್ರಿಕೆಗಳಿಗೆ ಯಾರೋ ಬಿಡಿಸಿಟ್ಟ ಉತ್ತರಗಳನ್ನು ಓದುತ್ತ ಹೋಗುವುದು. ಓದುವಾಗ ಪ್ರತಿ ಸಾಲೂ ಅರ್ಥವಾಗುತ್ತದೆ, ಹಾಗಾಗಿ ವಿಷಯ ಬಂದಿದೆ ಎಂಬ ಭಾವನೆ ಹುಟ್ಟುತ್ತದೆ. ಆದರೆ ಮುಂದಿನ ಸಾಲು ಏನಿರಬೇಕೆಂದು ನಿರ್ಧರಿಸುವ ಕೆಲಸವನ್ನು ಓದುಗ ಮಾಡಿರುವುದೇ ಇಲ್ಲ, ಪರೀಕ್ಷೆ ಬೇಡುವುದು ಅದನ್ನೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 25 ಎಂವಿಎ, 11 ಕೆವಿ ಜನರೇಟರ್‌ನ ಸಬ್‌ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್ ಶೇ. 20. ಅದು 30 ಎಂವಿಎ, 11/110 ಕೆವಿ, ಶೇ. 10 ರಿಯಾಕ್ಟೆನ್ಸ್‌ನ ಟ್ರಾನ್ಸ್‌ಫಾರ್ಮರ್‌ಗೆ ಜೋಡಣೆಯಾಗಿದೆ. ಲೋಡ್ ಇಲ್ಲದಿರುವಾಗ, ನಿಗದಿತ ವೋಲ್ಟೇಜ್‌ನಲ್ಲಿ, ಟ್ರಾನ್ಸ್‌ಫಾರ್ಮರ್‌ನ ಹೈ ವೋಲ್ಟೇಜ್ ಬದಿಯಲ್ಲಿ ಮೂರೂ ಫೇಸ್‌ಗಳ ಫಾಲ್ಟ್ (ಶಾರ್ಟ್ ಸರ್ಕ್ಯೂಟ್) ಆದರೆ ಕರೆಂಟ್ ಎಷ್ಟು? ಬೇಸ್, ಅಂದರೆ ಎಲ್ಲವನ್ನೂ ಹೋಲಿಸುವ ಆಧಾರ ಮೌಲ್ಯ, 50 ಎಂವಿಎ ಎಂದು ತೆಗೆದುಕೊಂಡರೆ ಜನರೇಟರ್‌ನ ರಿಯಾಕ್ಟೆನ್ಸ್ 0.2 × 50/25 = 0.4 ಪರ್ ಯುನಿಟ್ (ಬೇಸ್‌ನ ಎಷ್ಟು ಪಟ್ಟು ಎಂಬ ಅಳತೆ), ಟ್ರಾನ್ಸ್‌ಫಾರ್ಮರ್‌ನದು 0.1 × 50/30 = 0.1667. ಒಟ್ಟು 0.5667, ಫಾಲ್ಟ್ ಕರೆಂಟ್ ಅದರ ವಿಲೋಮ, ಅಂದರೆ 1.765 ಪರ್ ಯುನಿಟ್. 110 ಕೆವಿ ಬದಿಯ ಬೇಸ್ ಕರೆಂಟ್ 50,000/(√3 × 110) = 262.4 ಆಂಪಿಯರ್. ಆದ್ದರಿಂದ ಉತ್ತರ ಸುಮಾರು 463 ಆಂಪಿಯರ್.

ಬಿಡಿಸಿದ ಉತ್ತರವನ್ನು ಓದಿಕೊಂಡವರು ಇದನ್ನು ಇದೇ ಅಂಕಿಗಳೊಡನೆ ಸರಿಯಾಗಿ ಬರೆಯುತ್ತಾರೆ. ಈಗ ಪ್ರಶ್ನೆಪತ್ರಿಕೆಯಲ್ಲಿ ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ 10.5/110 ಕೆವಿ ಎಂದು ಕೊಟ್ಟು, ಜನರೇಟರ್ ಬದಿಯ ಬೇಸ್ 11 ಕೆವಿ ಎಂದು ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಎರಡು ಬದಲಾವಣೆಗಳು ಒಟ್ಟಿಗೆ ಬೇಕಾಗುತ್ತವೆ. ಟ್ರಾನ್ಸ್‌ಫಾರ್ಮರ್‌ನ ರಿಯಾಕ್ಟೆನ್ಸನ್ನು 10.5/11ರ ವರ್ಗದಿಂದ, ಅಂದರೆ ಸುಮಾರು 0.911ರಿಂದ ಗುಣಿಸಬೇಕು. ಜೊತೆಗೆ ಹೈ ವೋಲ್ಟೇಜ್ ಬದಿಯ ಬೇಸ್ 110 ಆಗಿ ಉಳಿಯದೆ 11 × 110/10.5 = 115.2 ಕೆವಿ ಆಗುತ್ತದೆ. ಪುಸ್ತಕದ ಲೆಕ್ಕವನ್ನು ಮುಚ್ಚಿಟ್ಟು ಒಮ್ಮೆಯಾದರೂ ಸ್ವಂತವಾಗಿ ಮಾಡಿದವರು ಮಾತ್ರ ಎರಡನೆಯ ಬದಲಾವಣೆಯನ್ನು ನೆನಪಿಡುತ್ತಾರೆ, ಉಳಿದವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ. √3 ಮರೆಯುವುದು ಇನ್ನೊಂದು ಸಾಮಾನ್ಯ ತಪ್ಪು, ಅದಕ್ಕೆ ಅರ್ಧ ನಿಮಿಷದ ತಾಳೆ ಇದೆ: ಬೇಸ್ ಎಂವಿಎಯನ್ನು ಒಟ್ಟು ರಿಯಾಕ್ಟೆನ್ಸ್‌ನಿಂದ ಭಾಗಿಸಿದರೆ ಫಾಲ್ಟ್ ಎಂವಿಎ 88.2 ಬರುತ್ತದೆ, √3 × 110 × 0.463 ಕೂಡ ಅಷ್ಟೇ ಬರಬೇಕು.

ಹೀಗಾಗಿ ಈ ಗುಂಪಿಗೆ ನನ್ನ ಆದ್ಯತೆಯ ಕ್ರಮ ಹೀಗಿದೆ. ಮೊದಲು ಪಠ್ಯಪುಸ್ತಕದಲ್ಲಿ ಆ ಅಧ್ಯಾಯದ ಎರಡು ಮೂರು ಉದಾಹರಣೆಗಳನ್ನು ಪೂರ್ತಿ ಓದಬೇಕು. ಬಳಿಕ ಉತ್ತರವಿಲ್ಲದ ಖಾಲಿ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು ಬಿಡಿಸಬೇಕು, ಸಿಲುಕಿಕೊಂಡಾಗ ಮಾತ್ರ ಬಿಡಿಸಿದ ಉತ್ತರವನ್ನು ತೆರೆಯಬೇಕು. ಬಿಡಿಸಿದ ಉತ್ತರ ಬೇಡವೆಂದಲ್ಲ, ಅದರ ಜಾಗ ಕೊನೆಯದು. ಅಂತರ್ಜಾಲದಲ್ಲಿ ಸಿಗುವ ಬಿಡಿಸಿದ ಉತ್ತರಗಳಲ್ಲಿ ತಪ್ಪುಗಳೂ ಇರುತ್ತವೆ ಎಂಬುದನ್ನು ಮರೆಯಬಾರದು. ಹಸ್ತಾಕ್ಷರದ ಪ್ರತಿಗಳಲ್ಲಿ ಋಣ ಚಿಹ್ನೆಯೊಂದು ಜೆರಾಕ್ಸಿನಲ್ಲಿ ಅಳಿಸಿಹೋಗಿ, ಒಂದು ತರಗತಿಯ ಅರ್ಧ ಮಂದಿ ಅದೇ ತಪ್ಪನ್ನು ಇಂಟರ್ನಲ್ಸ್‌ನಲ್ಲಿ ಬರೆದ ಪ್ರಸಂಗಗಳು ಅಧ್ಯಾಪಕರಿಗೆ ಹೊಸದಲ್ಲ.

ದಪ್ಪ ಪಠ್ಯಪುಸ್ತಕ ಬೇಕೋ, ವಿಟಿಯು ಸಿಲಬಸ್ಸಿಗೆ ಹೊಂದಿಸಿದ ಪುಸ್ತಕ ಸಾಕೋ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಸಿಲಬಸ್ಸಿನ ಪುಸ್ತಕ ಹಂತಗಳನ್ನು ಬಿಡಿಸಿ ಬರೆಯುತ್ತದೆ, ಪರೀಕ್ಷೆಯಲ್ಲಿ ಅಂಕ ಹಂಚಿಕೆಯಾಗುವ ರೀತಿಗೆ ಅದು ಹತ್ತಿರ. ದಪ್ಪ ಪುಸ್ತಕ ಸೂತ್ರ ಎಲ್ಲಿಂದ ಬಂತು, ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಹೇಳುತ್ತದೆ. ಪಾಸಾಗುವುದು ಮಾತ್ರ ಗುರಿಯಾದರೆ ಮೊದಲನೆಯದು ಸಾಕು. ಆದರೆ ಮೂರನೆಯ ಸೆಮಿಸ್ಟರಿನ ಸರ್ಕ್ಯೂಟ್ ಅನಾಲಿಸಿಸ್ ಒಂದಕ್ಕಾದರೂ ದಪ್ಪ ಪುಸ್ತಕವನ್ನು ಹಿಡಿಯಬೇಕೆಂದು ಹೇಳುತ್ತೇನೆ, ಏಕೆಂದರೆ ಮುಂದಿನ ಪತ್ರಿಕೆಗಳಲ್ಲಿ ಹೆಚ್ಚಿನವು ಅದರ ಮೇಲೆಯೇ ನಿಂತಿವೆ. ಮೆಶ್ ಮತ್ತು ನೋಡಲ್ ವಿಧಾನಗಳಲ್ಲಿ ಯಾವುದನ್ನು ಆರಿಸಿದರೆ ಸಮೀಕರಣಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಸರ್ಕ್ಯೂಟ್ ನೋಡಿದ ಕೂಡಲೇ ಹೇಳಬಲ್ಲವರಿಗೆ ಆಮೇಲೆ ಪವರ್ ಸಿಸ್ಟಮ್‌ನ ನೋಡಲ್ ಸಮೀಕರಣಗಳಲ್ಲಿ ಬರುವ ವೈ-ಬಸ್ ಮ್ಯಾಟ್ರಿಕ್ಸ್ ಹೊಸದಾಗಿ ಕಾಣುವುದಿಲ್ಲ.

ಗೆರೆ ಎಳೆಸುವ ಪತ್ರಿಕೆಗಳು

ರೂಟ್ ಲೋಕಸ್, ಬೋಡೆ ಪ್ಲಾಟ್, ಇಂಡಕ್ಷನ್ ಮೋಟರಿನ ಸರ್ಕಲ್ ಡಯಾಗ್ರಾಂ, ಪವರ್ ಎಲೆಕ್ಟ್ರಾನಿಕ್ಸ್‌ನ ವೇವ್‌ಫಾರ್ಮ್‌ಗಳು, ಇವೆಲ್ಲ ಕೈಯ ಕೆಲಸ. ವಿಡಿಯೊ ನೋಡಿ ಇವುಗಳನ್ನು ಅರ್ಥಮಾಡಿಕೊಳ್ಳುವುದು ಪುಸ್ತಕಕ್ಕಿಂತ ಸುಲಭ ಎಂಬುದನ್ನು ಒಪ್ಪಬೇಕು, ಏಕೆಂದರೆ ಗೆರೆ ಯಾವ ಕ್ರಮದಲ್ಲಿ ಬೆಳೆಯುತ್ತದೆ ಎಂದು ಅಚ್ಚಾದ ಚಿತ್ರ ತೋರಿಸುವುದಿಲ್ಲ. ಆದರೆ ಅಂಕ ಬರುವುದು ಗ್ರಾಫ್ ಹಾಳೆಯ ಮೇಲೆ ಸ್ಕೇಲ್ ಹಿಡಿದು ಕೂತಾಗ.

ಕೆ/[ಎಸ್(ಎಸ್+2)(ಎಸ್+4)] ಎಂಬ ಓಪನ್ ಲೂಪ್ ಟ್ರಾನ್ಸ್‌ಫರ್ ಫಂಕ್ಷನ್‌ನ ರೂಟ್ ಲೋಕಸ್ಸನ್ನು (ಕೆ ಬದಲಾದಂತೆ ಸಿಸ್ಟಮ್‌ನ ಮೂಲಗಳು ಸಾಗುವ ದಾರಿ) ತೆಗೆದುಕೊಳ್ಳಿ. ಪೋಲ್‌ಗಳು 0, −2, −4ರಲ್ಲಿವೆ. ಅಸಿಂಪ್ಟೋಟ್‌ಗಳು −2ರಲ್ಲಿ ಸೇರುತ್ತವೆ, ಅವುಗಳ ಕೋನಗಳು 60, 180 ಮತ್ತು 300 ಡಿಗ್ರಿ. ಬ್ರೇಕ್‌ಅವೇ ಬಿಂದುವಿಗೆ ಬರುವ ವರ್ಗಸಮೀಕರಣಕ್ಕೆ −0.845 ಮತ್ತು −3.155 ಎಂಬ ಎರಡು ಉತ್ತರಗಳಿವೆ. ನೈಜ ಅಕ್ಷದ ಮೇಲೆ ಲೋಕಸ್ ಇರುವುದು 0ಯಿಂದ −2ರವರೆಗೆ ಮತ್ತು −4ರ ಎಡಕ್ಕೆ ಮಾತ್ರವಾದ್ದರಿಂದ ಎರಡನೆಯದನ್ನು ಬಿಡಬೇಕು. ಬಿಟ್ಟದ್ದಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು, ಆ ಸಾಲು ಇಲ್ಲದಿದ್ದರೆ ಉತ್ತರವನ್ನು ಊಹಿಸಿದಂತೆ ಕಾಣುತ್ತದೆ. ರೌತ್ ಪಟ್ಟಿಯಿಂದ ಕೆ = 48 ಆದಾಗ ಲೋಕಸ್ ಕಾಲ್ಪನಿಕ ಅಕ್ಷವನ್ನು ±2.83ರಲ್ಲಿ ದಾಟುತ್ತದೆ. ಗ್ರಾಫ್ ಹಾಳೆಯಲ್ಲಿ ಎರಡೂ ಅಕ್ಷಗಳಿಗೆ ಒಂದೇ ಅಳತೆ ಇರಬೇಕು. ಅಡ್ಡಕ್ಕೊಂದು, ಉದ್ದಕ್ಕೊಂದು ಅಳತೆ ಇಟ್ಟರೆ 60 ಡಿಗ್ರಿಯ ಗೆರೆ 60 ಡಿಗ್ರಿಯಲ್ಲಿ ಬೀಳುವುದಿಲ್ಲ. ಪುಸ್ತಕವನ್ನು ಎಷ್ಟು ಓದಿದರೂ ಹೊಳೆಯದ, ಒಮ್ಮೆ ಬರೆದರೆ ಮರೆಯದ ಸಂಗತಿ ಇದು.

ಸರ್ಕಲ್ ಡಯಾಗ್ರಾಂ ಬಗ್ಗೆ ಒಂದು ಎಚ್ಚರಿಕೆ ಸಾಕು. ಬ್ಲಾಕ್ಡ್ ರೋಟರ್ ಪರೀಕ್ಷೆಯನ್ನು ಕಡಿಮೆ ವೋಲ್ಟೇಜ್‌ನಲ್ಲಿ ಮಾಡಿರುತ್ತಾರೆ. ಪೂರ್ಣ ವೋಲ್ಟೇಜ್‌ಗೆ ತರುವಾಗ ಕರೆಂಟ್ ವೋಲ್ಟೇಜ್‌ನ ಅನುಪಾತದಲ್ಲೂ, ಪವರ್ ಅದರ ವರ್ಗದ ಅನುಪಾತದಲ್ಲೂ ಹೆಚ್ಚುತ್ತದೆ. 100 ವೋಲ್ಟ್‌ನಲ್ಲಿ ಮಾಡಿದ ಪರೀಕ್ಷೆಯನ್ನು 400 ವೋಲ್ಟ್‌ಗೆ ತಂದರೆ ಕರೆಂಟ್ ನಾಲ್ಕು ಪಟ್ಟು, ಪವರ್ ಹದಿನಾರು ಪಟ್ಟು. ಚಿತ್ರ ಬರೆಯಲು ಬಹಳ ಸಮಯ ಹಿಡಿಯುವುದರಿಂದ ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಅಭ್ಯಾಸ ಮಾಡಿ, ಅರ್ಧ ಗಂಟೆಯೊಳಗೆ ಮುಗಿಯದಿದ್ದರೆ ಆ ಮಾಡ್ಯೂಲ್‌ನ ಇನ್ನೊಂದು ಪ್ರಶ್ನೆಯನ್ನು ಆರಿಸುವುದು ಲಾಭ.

ಡಿರೈವೇಶನ್ ಮತ್ತು ಥಿಯರಿ: ಇಲ್ಲಿ ನೋಟ್ಸ್ ಗೆಲ್ಲುತ್ತದೆ

ಸ್ವಿಚ್‌ಗೇರ್ ಅಂಡ್ ಪ್ರೊಟೆಕ್ಷನ್, ಹೈ ವೋಲ್ಟೇಜ್, ಯುಟಿಲೈಸೇಶನ್‌ನಂಥ ಪತ್ರಿಕೆಗಳಿಗೆ ತರಗತಿಯ ನೋಟ್ಸನ್ನು ಕೀಳಾಗಿ ಕಾಣುವವರ ಜೊತೆ ನನ್ನ ಸಹಮತವಿಲ್ಲ. ಆರ್ಕ್ ನಂದಿಸುವ ಸಿದ್ಧಾಂತಗಳು, ಎಸ್‌ಎಫ್6 ಬ್ರೇಕರ್‌ನ ರಚನೆ, ಡಿಫರೆನ್ಷಿಯಲ್ ಮತ್ತು ಡಿಸ್ಟೆನ್ಸ್ ರಿಲೇಗಳ ಹೋಲಿಕೆ, ಇಂಪಲ್ಸ್ ಜನರೇಟರ್ ಇವುಗಳಿಗೆ ಬೇಕಾದದ್ದು ಒಂದು ಸ್ಪಷ್ಟ ಚಿತ್ರ, ಅದರ ಭಾಗಗಳ ಹೆಸರು, ಕೆಲಸ ಮಾಡುವ ಬಗೆಯ ಐದಾರು ವಾಕ್ಯಗಳು. ಒಳ್ಳೆಯ ನೋಟ್ಸ್ ಅಷ್ಟನ್ನೇ ಹೇಳಿ ನಿಲ್ಲುತ್ತದೆ. ಅದೇ ವಿಷಯವನ್ನು ದಪ್ಪ ಪುಸ್ತಕ ನಲವತ್ತು ಪುಟಗಳಲ್ಲಿ ಹೇಳಿರುತ್ತದೆ, ಅದರಿಂದ ಪರೀಕ್ಷೆಯ ಉತ್ತರವನ್ನು ಹೆಕ್ಕುವ ಹೊತ್ತಿಗೆ ಸ್ಟಡಿ ಹಾಲಿಡೇಸ್ ಮುಗಿದಿರುತ್ತವೆ. ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಪಟ್ಟಿ ಕೂಡ ಈ ಗುಂಪಿಗೆ ಮಾತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಒಂದೇ ವಿವರಣೆ ಬೇರೆ ಬೇರೆ ವರ್ಷಗಳಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ಮರಳಿ ಬರಬಲ್ಲದು. ಲೆಕ್ಕದ ಪತ್ರಿಕೆಗೆ ಅಂಥ ಪಟ್ಟಿಯನ್ನು ನಂಬುವುದು ಅಂಕಿಗಳು ಬದಲಾಗುವುದಿಲ್ಲ ಎಂದು ನಂಬಿದಂತೆ.

ಕನ್ನಡ ಮಾಧ್ಯಮದಿಂದ ಬಂದವರು ಈ ಪತ್ರಿಕೆಗಳಿಗೇ ಹೆಚ್ಚು ಹೆದರುತ್ತಾರೆ, ಲೆಕ್ಕಕ್ಕೆ ಭಾಷೆ ಬೇಡ, ವಿವರಣೆಗೆ ಬೇಕು ಎಂಬುದು ಅವರ ಅಳುಕು. ಅಲಂಕಾರದ ಇಂಗ್ಲಿಷಿಗೆ ಇಲ್ಲಿ ಅಂಕವಿಲ್ಲ. ಮೊದಲು ಕ್ರಿಯೆಯನ್ನು ಕನ್ನಡದಲ್ಲೇ ಹೇಳಿಕೊಂಡು ಅರ್ಥಮಾಡಿಕೊಳ್ಳಿ: ಕಾಂಟ್ಯಾಕ್ಟ್‌ಗಳು ಬೇರ್ಪಡುತ್ತವೆ, ಆರ್ಕ್ ಹುಟ್ಟುತ್ತದೆ, ಅನಿಲ ಅದರ ಮೇಲೆ ಹರಿಯುತ್ತದೆ, ಕರೆಂಟ್ ಸೊನ್ನೆಯಾಗುವ ಕ್ಷಣದಲ್ಲಿ ಆರ್ಕ್ ನಂದುತ್ತದೆ, ಆ ಬಳಿಕ ಕಾಂಟ್ಯಾಕ್ಟ್‌ಗಳ ನಡುವಿನ ನಿರೋಧಕ ಬಲ ರಿಸ್ಟ್ರೈಕಿಂಗ್ ವೋಲ್ಟೇಜ್‌ಗಿಂತ (ಆರ್ಕನ್ನು ಮತ್ತೆ ಹುಟ್ಟಿಸಬಲ್ಲ ವೋಲ್ಟೇಜ್) ಬೇಗ ಏರಬೇಕು. ಇದೇ ಕ್ರಮವನ್ನು ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯಗಳಲ್ಲಿ, ಒಂದು ವಾಕ್ಯಕ್ಕೆ ಒಂದು ಕ್ರಿಯೆಯಂತೆ ಬರೆದರೆ ಉತ್ತರ ಪೂರ್ಣವಾಗುತ್ತದೆ. ಉರುಹೊಡೆದ ಉದ್ದನೆಯ ಪ್ಯಾರಾ ನಡುವೆ ಮರೆತುಹೋದರೆ ಮುಂದೆ ಸಾಗುವುದಿಲ್ಲ, ಕ್ರಿಯೆಯ ಕ್ರಮ ಗೊತ್ತಿದ್ದವರಿಗೆ ಆ ಭಯವಿಲ್ಲ.

ಫೀಲ್ಡ್ ಥಿಯರಿಯ ಡಿರೈವೇಶನ್‌ಗಳು ಎರಡು ಗುಂಪುಗಳ ನಡುವೆ ನಿಲ್ಲುತ್ತವೆ. ಗಾಸ್ ನಿಯಮದಿಂದ ಹೊರಟು ಪಾಯ್ಸಾನ್ ಸಮೀಕರಣಕ್ಕೆ ಬರುವುದು, ಎರಡು ಡೈಎಲೆಕ್ಟ್ರಿಕ್‌ಗಳ ಗಡಿಯ ಷರತ್ತುಗಳು, ಪಾಯಿಂಟಿಂಗ್ ಪ್ರಮೇಯ ಇವುಗಳನ್ನು ಕಣ್ಣಿನಿಂದ ಓದಬಾರದು, ಬರೆದು ಬರೆದು ಕೈಗೆ ತರಬೇಕು. ಪವರ್ ಸಿಸ್ಟಮ್‌ನ ಸ್ವಿಂಗ್ ಸಮೀಕರಣ, ಟ್ರಾನ್ಸ್‌ಫಾರ್ಮರ್‌ನ ಇಎಂಎಫ್ ಸಮೀಕರಣಗಳಿಗೂ ಇದೇ ಮಾತು. ನೋಟ್ಸ್ ಆಗಲಿ, ಪುಸ್ತಕವಾಗಲಿ, ಒಂದೇ ಮೂಲವನ್ನು ಹಿಡಿಯಬೇಕು. ಎರಡು ಪುಸ್ತಕಗಳು ಬೇರೆ ಬೇರೆ ಸಂಕೇತಗಳನ್ನು ಬಳಸುವುದರಿಂದ ಪರೀಕ್ಷೆಯ ದಿನ ಅವು ಒಂದರೊಳಗೊಂದು ಬೆರೆತುಹೋಗುತ್ತವೆ.

ವಿಡಿಯೊ ಪಾಠಗಳ ನಡುವೆ ಆಯ್ಕೆ

ಎನ್‌ಪಿಟಿಇಎಲ್ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ. ಅದರ ಪಾಠಗಳು ಆಳವಾಗಿವೆ, ಉಚಿತವಾಗಿವೆ, ಆದರೆ ವಿಟಿಯು ಮಾಡ್ಯೂಲ್‌ಗಳ ಕ್ರಮದಲ್ಲಿಲ್ಲ. ಹನ್ನೆರಡು ವಾರಗಳ ಕೋರ್ಸನ್ನು ಪರೀಕ್ಷೆಗೆ ಹತ್ತು ದಿನ ಇರುವಾಗ ತೆರೆಯುವುದರಲ್ಲಿ ಅರ್ಥವಿಲ್ಲ, ಸೆಮಿಸ್ಟರಿನ ಮೊದಲ ತಿಂಗಳಲ್ಲಿ ತರಗತಿಯ ಪಾಠಕ್ಕೆ ಜೊತೆಯಾಗಿ ನೋಡಿದರೆ ಫಲವಿದೆ. ಯೂಟ್ಯೂಬ್‌ನ ಚಿಕ್ಕ ಪಾಠಗಳು ಇದಕ್ಕೆ ತದ್ವಿರುದ್ಧ. ಆಳ ಕಡಿಮೆ, ಆದರೆ ಕ್ಯಾಸ್ಕೇಡ್ ಮಾಡಿದ ಟೂ ಪೋರ್ಟ್ ನೆಟ್‌ವರ್ಕ್‌ನಂಥ ಒಂದೇ ಒಂದು ಸಂಗತಿ ತಲೆಗೆ ಹತ್ತದಿದ್ದಾಗ ಕಾಲು ಗಂಟೆಯಲ್ಲಿ ಬಿಡಿಸಿಕೊಡುತ್ತವೆ. ಎರಡಕ್ಕೂ ಸಮಾನವಾದ ಅಪಾಯವೆಂದರೆ ನೋಡುತ್ತ ಕೂರುವ ಸುಖ. ಲೆಕ್ಕ ಆರಂಭವಾದ ಕೂಡಲೇ ವಿಡಿಯೊ ನಿಲ್ಲಿಸಿ, ಸ್ವಂತವಾಗಿ ಮಾಡಿ, ಆಮೇಲೆ ಉತ್ತರಕ್ಕಾಗಿ ಮುಂದುವರಿಸುವ ಶಿಸ್ತು ಇಲ್ಲದವರು ಪುಸ್ತಕವನ್ನೇ ಹಿಡಿಯುವುದು ವಾಸಿ.

ಗುಂಪಿನಲ್ಲಿ ಓದುವುದು ಒಳ್ಳೆಯದೋ ಒಬ್ಬರೇ ಓದುವುದೋ ಎಂಬ ಚರ್ಚೆಗೆ ಹೆಚ್ಚು ಜಾಗ ಬೇಡ. ಥಿಯರಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಗುಂಪು ಸರಿ, ಲೆಕ್ಕವನ್ನು ಒಬ್ಬರೇ ಮಾಡಬೇಕು.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರ ಸ್ಥಿತಿ ಬೇರೆ. ಮೋಟರು, ಸ್ಟಾರ್ಟರು, ಟ್ರಾನ್ಸ್‌ಫಾರ್ಮರುಗಳನ್ನು ಅವರು ಕೈಯಾರೆ ಮುಟ್ಟಿ ಬಂದಿರುತ್ತಾರೆ, ಮೆಶೀನ್‌ಗಳ ಪತ್ರಿಕೆಗಳಲ್ಲಿ ಪಿಯುಸಿಯಿಂದ ಬಂದವರಿಗಿಂತ ಮುಂದಿರುತ್ತಾರೆ. ತೊಡಕಾಗುವುದು ಲಾಪ್ಲಾಸ್, ಫೂರಿಯರ್, ಡಿಫರೆನ್ಷಿಯಲ್ ಸಮೀಕರಣಗಳಲ್ಲಿ. ಅವರು ಮೂರನೆಯ ಸೆಮಿಸ್ಟರಿನ ಸಮಯವನ್ನು ಎಲ್ಲ ಪತ್ರಿಕೆಗಳಿಗೂ ಸಮನಾಗಿ ಹಂಚದೆ, ಮೆಶೀನ್‌ಗಳಿಂದ ಉಳಿಯುವ ಹೊತ್ತನ್ನು ಗಣಿತಕ್ಕೂ ಸರ್ಕ್ಯೂಟಿನ ಟ್ರಾನ್ಸಿಯೆಂಟ್ ಅಧ್ಯಾಯಕ್ಕೂ ಕೊಡುವುದು ಜಾಣತನ.

ಸೆಮಿಸ್ಟರ್ ಓದು ಮತ್ತು ಗೇಟ್ ಓದು: ಒಟ್ಟಿಗೆ ಆಗುತ್ತದೆಯೇ?

ಐದನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಈ ಪ್ರಶ್ನೆ ಏಳುತ್ತದೆ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪರೀಕ್ಷೆಯಾದ ಗೇಟ್‌ನ ಎಲೆಕ್ಟ್ರಿಕಲ್ ಪತ್ರಿಕೆಯಲ್ಲಿ ಮೂರು ಗಂಟೆಗಳಿಗೆ 65 ಪ್ರಶ್ನೆಗಳು, 100 ಅಂಕಗಳು, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಒಂದು ಅಂಕದ ಬಹು ಆಯ್ಕೆಯ ಪ್ರಶ್ನೆ ತಪ್ಪಿದರೆ ಮೂರನೆಯ ಒಂದು ಅಂಕ, ಎರಡು ಅಂಕದ್ದು ತಪ್ಪಿದರೆ ಮೂರನೆಯ ಎರಡು ಅಂಕ ಕಡಿತ. ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ. ಹಂತಗಳಿಗೆ ಅಂಕ ಕೊಡುವ ವಿಟಿಯುಗೂ ಕೊನೆಯ ಉತ್ತರವನ್ನು ಮಾತ್ರ ನೋಡುವ ಗೇಟ್‌ಗೂ ಇರುವ ಅಂತರ ಇದೇ. ಮೇಲಿನ ಫಾಲ್ಟ್ ಲೆಕ್ಕದಲ್ಲಿ √3 ಬಿಟ್ಟವರಿಗೆ ವಿಟಿಯುನಲ್ಲಿ ಬೇಸ್ ಬದಲಾವಣೆಯ ಹಂತಗಳ ಅಂಕ ಸಿಗುತ್ತದೆ, ಗೇಟ್‌ನಲ್ಲಿ ಏನೂ ಸಿಗುವುದಿಲ್ಲ.

ಸರ್ಕ್ಯೂಟ್, ಸಿಗ್ನಲ್ಸ್, ಮೆಶೀನ್, ಕಂಟ್ರೋಲ್, ಪವರ್ ಸಿಸ್ಟಮ್, ಪವರ್ ಎಲೆಕ್ಟ್ರಾನಿಕ್ಸ್ ಎರಡಕ್ಕೂ ಸಾಮಾನ್ಯ. ಹೈ ವೋಲ್ಟೇಜ್ ಎಂಜಿನಿಯರಿಂಗ್ ಗೇಟ್‌ನ ಪಠ್ಯಕ್ರಮದಲ್ಲಿ ಪ್ರತ್ಯೇಕ ವಿಭಾಗವಾಗಿ ಇಲ್ಲ, ಗ್ರಾಫ್ ಹಾಳೆಯ ಕೆಲಸವೂ ಇಲ್ಲ. ಆದ್ದರಿಂದ ಸಾಮಾನ್ಯ ಪತ್ರಿಕೆಗಳನ್ನು ದಪ್ಪ ಪುಸ್ತಕದಿಂದ ಓದಿ, ಉಳಿದವನ್ನು ನೋಟ್ಸ್‌ನಿಂದ ಮುಗಿಸುವ ಮಿಶ್ರ ಕ್ರಮ ಹೊಂದುತ್ತದೆ. ಎನ್‌ಟಿಪಿಸಿ, ಪವರ್‌ಗ್ರಿಡ್‌ನಂಥ ಸಂಸ್ಥೆಗಳು ಗೇಟ್ ಅಂಕಗಳ ಆಧಾರದಲ್ಲಿ ನೇಮಿಸಿಕೊಳ್ಳುತ್ತವೆ, ಗೇಟ್ ಸ್ಕೋರ್ ಮೂರು ವರ್ಷ ಮಾನ್ಯವಾಗಿರುತ್ತದೆ. ಹಾಗಾಗಿ ಸೆಮಿಸ್ಟರಿನಲ್ಲಿ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪತ್ರಿಕೆ) ಇಟ್ಟುಕೊಂಡು ಗೇಟ್‌ಗೆ ಓಡುವ ಅವಸರ ಬೇಡ. ಬ್ಯಾಕ್‌ಲಾಗ್ ಇರುವವರು ಮೊದಲು ಅದನ್ನೇ ತೀರಿಸಬೇಕು.

ಕ್ಯಾಲ್ಕುಲೇಟರ್ ವಿಷಯದಲ್ಲಿ ಎರಡು ಪರೀಕ್ಷೆಗಳೂ ಪೂರ್ತಿ ಬೇರೆ. ಸೆಮಿಸ್ಟರ್ ಪರೀಕ್ಷೆಗೆ ಪ್ರೋಗ್ರಾಂ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಯ್ಯಬಹುದು. ಕ್ಯಾಸಿಯೊ ಎಫ್‌ಎಕ್ಸ್-991ಎಂಎಸ್ ಅಥವಾ 991ಇಎಸ್ ಪ್ಲಸ್ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಮಾದರಿಗಳು. ಕಾಂಪ್ಲೆಕ್ಸ್ ಮೋಡ್‌ನಲ್ಲಿ ಪೋಲಾರ್ ರೂಪದ ಇಂಪಿಡೆನ್ಸನ್ನು ನೇರವಾಗಿ ಕೂಡಿ ಭಾಗಿಸಬಹುದು. ಆದರೆ ಈ ಮಾದರಿಗಳ ಸಮೀಕರಣ ಮೋಡ್ ಕಾಂಪ್ಲೆಕ್ಸ್ ಸಂಖ್ಯೆಗಳನ್ನು ತೆಗೆದುಕೊಳ್ಳುವುದಿಲ್ಲ. ಎಸಿ ಸರ್ಕ್ಯೂಟಿನ ಎರಡು ಮೆಶ್ ಸಮೀಕರಣಗಳನ್ನು ಡಿಸಿಯಂತೆ ಒಂದೇ ಬಾರಿಗೆ ಒತ್ತಿ ಬಿಡಿಸುತ್ತೇನೆ ಎಂದುಕೊಂಡವರು ಪರೀಕ್ಷಾ ಕೊಠಡಿಯಲ್ಲಿ ತಡವರಿಸುತ್ತಾರೆ. ಇಂಪಿಡೆನ್ಸ್‌ಗಳನ್ನು ಎ, ಬಿ, ಸಿ ಮೆಮೊರಿಗಳಲ್ಲಿಟ್ಟು, ಕ್ರೇಮರ್ ನಿಯಮದ ಡಿಟರ್ಮಿನೆಂಟನ್ನು ಕಾಂಪ್ಲೆಕ್ಸ್ ಮೋಡ್‌ನಲ್ಲೇ ಎಬಿ − ಸಿ² ಎಂದು ಲೆಕ್ಕ ಹಾಕುವ ಅಭ್ಯಾಸ ಮೊದಲೇ ಇರಬೇಕು. ಗೇಟ್‌ನಲ್ಲಿ ಸ್ವಂತ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ, ಪರದೆಯ ಮೇಲಿನದನ್ನು ಮೌಸಿನಿಂದ ಒತ್ತಬೇಕು, ಅದರಲ್ಲಿ ಕಾಂಪ್ಲೆಕ್ಸ್ ಮೋಡ್ ಇಲ್ಲ. ಎರಡಕ್ಕೂ ತಯಾರಾಗುವವರು ಪೋಲಾರ್‌ನಿಂದ ರೆಕ್ಟ್ಯಾಂಗ್ಯುಲರ್‌ಗೆ ಕೈಯಲ್ಲೇ ಬದಲಾಯಿಸುವುದನ್ನು ರೂಢಿ ಮಾಡಿಕೊಳ್ಳದೆ ಗತಿಯಿಲ್ಲ.

ಕೊನೆಯ ವಾರ

ಸ್ಟಡಿ ಹಾಲಿಡೇಸ್‌ನಲ್ಲಿ ಹೊಸ ಸಾಮಗ್ರಿಯನ್ನು ತೆರೆಯುವುದಕ್ಕಿಂತ, ಹಳೆಯ ಪತ್ರಿಕೆಯೊಂದನ್ನು ಮೂರು ಗಂಟೆ ಕೂತು ಬರೆಯುವುದು ಮೇಲು. ಪೂರ್ಣ ಪ್ರಶ್ನೆಯೊಂದಕ್ಕೆ 36 ನಿಮಿಷಗಳು ಸಿಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ನ್ಯೂಟನ್-ರಾಫ್ಸನ್ ವಿಧಾನದ ಒಂದೇ ಇಟರೇಶನ್ (ಲೆಕ್ಕದ ಒಂದು ಸುತ್ತು) ಆ 36 ನಿಮಿಷಗಳಲ್ಲಿ ಎಷ್ಟನ್ನು ನುಂಗುತ್ತದೆ ಎಂಬುದು ಬರೆದು ನೋಡಿದವರಿಗಷ್ಟೇ ತಿಳಿಯುತ್ತದೆ. ಬರೆಯುವಾಗ ಪತ್ರಿಕೆಯ ಎರಡೂ ಆಯ್ಕೆಗಳನ್ನು ಓದಿ, ಅಂಕ ಹೆಚ್ಚು ಬರುವುದನ್ನು ಆರಿಸುವ ಅಭ್ಯಾಸವನ್ನೂ ಮಾಡಬೇಕು. ಒಂದು ಪ್ರಶ್ನೆಯ ಮೊದಲ ಉಪಪ್ರಶ್ನೆ ಗೊತ್ತಿದೆ ಎಂಬ ಕಾರಣಕ್ಕೆ ಅದಕ್ಕೆ ಕೈಹಾಕಿ, ಉಳಿದ ಉಪಪ್ರಶ್ನೆಗಳಲ್ಲಿ ಸಿಕ್ಕಿಬೀಳುವವರು ಪ್ರತಿ ಬಾರಿಯೂ ಇರುತ್ತಾರೆ.

ಉತ್ತರಪುಸ್ತಿಕೆಗಳನ್ನು ವಿಟಿಯು ಸ್ಕ್ಯಾನ್ ಮಾಡಿ, ಮೌಲ್ಯಮಾಪಕರು ಅವುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದುತ್ತಾರೆ. ಎಚ್ ಪೆನ್ಸಿಲಿನ ತೆಳುವಾದ ಫೇಸರ್ ಡಯಾಗ್ರಾಂ, ಮಸುಕಾದ ನೀಲಿ ಶಾಯಿ ಪರದೆಯ ಮೇಲೆ ಸ್ಪಷ್ಟವಾಗಿ ಕಾಣದಿರಬಹುದು. ಎಚ್‌ಬಿ ಅಥವಾ ಅದಕ್ಕಿಂತ ಕಪ್ಪಾದ ಪೆನ್ಸಿಲ್, ದಟ್ಟ ಶಾಯಿಯ ಪೆನ್ನು ಬಳಸಿ, ಕೊನೆಯ ಉತ್ತರದ ಸುತ್ತ ಚೌಕ ಹಾಕಿ, ಅದರ ಪಕ್ಕದಲ್ಲಿ ಏಕಮಾನವನ್ನು ಬರೆಯಿರಿ.